ಅಜ್ಜಿಯ ಕೈ, ಎಫ್/2.8

"ನಿನ್ನ ಕೈ ನಡುಗಿದ್ರೆ ಲೆನ್ಸು ನೋಡ್ಕೊಳ್ಳುತ್ತೆ. ಅಜ್ಜಿ ಕೈ ನಡುಗಿದ್ರೆ ಅದೇನ್ ಮಾಡುತ್ತಪ್ಪಾ?"

ಗುರುವಾರ ಸಂಜೆ ತುಮಕೂರಿನ ಅಶೋಕ ರಸ್ತೆಯ ಸ್ಟುಡಿಯೊ ಯಜಮಾನರು ಕೇಳಿದ ಮಾತಿದು. ಇನ್ನೂ ಕಿವಿಯಲ್ಲೇ ಇದೆ.

ನಾನು ತೋರಿಸಿದ್ದು ಒಂದೇ ಫೋಟೊ. ಗುಬ್ಬಿ ಹತ್ತಿರದ ನಮ್ಮ ಹೆಂಚಿನ ಮನೆ, ನಡುಮನೆಯ ಮಬ್ಬು, ಕಂಬಕ್ಕೊರಗಿ ಕನಕಾಂಬರ ಕಟ್ಟುತ್ತಿರುವ ಅಜ್ಜಿ. ಮೊರದಲ್ಲಿರುವ ಹೂವನ್ನು ಒಂದೊಂದಾಗಿ ಎಣಿಸಬಹುದು. ಬೆರಳುಗಳು ಮಾತ್ರ ಹೊಗೆಯ ಹಾಗೆ ಕಲಸಿಹೋಗಿವೆ.

ನನ್ನದು ಸೋನಿ ಎ6400 ಕ್ಯಾಮೆರಾ, ಅದರ ಜೊತೆಗೇ ಬಂದ 16-50 ಎಂಎಂ ಜೂಮ್ ಲೆನ್ಸು. 50ಕ್ಕೆ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ; ಎಫ್ ಪಕ್ಕದ ಅಂಕೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಐಎಸ್‌ಒ ಎಂಬ ಬೆಳಕಿನ ಸೂಕ್ಷ್ಮತೆಯನ್ನು 6400ಕ್ಕೆ ಏರಿಸಿದರೂ ಶಟರ್ ತೆರೆದಿರುವ ಹೊತ್ತು 1/50 ಸೆಕೆಂಡಿನಲ್ಲೇ ನಿಂತಿತ್ತು. ಬೆಂಗಳೂರಿನ ಅಂಗಡಿಯ ಹುಡುಗ ಫೋನಿನಲ್ಲಿ ಟ್ಯಾಮ್ರಾನ್ 17-70 ತಗೊಳ್ಳಿ ಅಂದಿದ್ದ. ಎಫ್/2.8, ಮೇಲೆ ಕೈಯ ಅಲುಗಾಟ ಸರಿದೂಗಿಸುವ ಸ್ಟೆಬಿಲೈಸೇಶನ್ ಬೇರೆ, ನಿಮ್ಮ ಕ್ಯಾಮೆರಾ ಬಾಡಿಯಲ್ಲಿ ಅದಿಲ್ಲ, "ಶೇಕ್ ಪ್ರಾಬ್ಲಮ್ಮೇ ಇರಲ್ಲ ಸರ್." ಅವನು ಹೇಳಿದ್ದು ಸುಳ್ಳಲ್ಲ. ಯಾರ ಶೇಕ್ ಎಂದು ಮಾತ್ರ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಯಜಮಾನರು ಫೋಟೊ ಹಿಗ್ಗಿಸಿ ಮೊರದ ಮೇಲೆ ಬೆರಳಿಟ್ಟರು. ನನ್ನ ಕೈ ಅಲುಗಿದ್ದರೆ ಮೊರವೂ ಕಲಸಬೇಕಿತ್ತಲ್ಲ! ಹಳೇ ಲೆನ್ಸಿನಲ್ಲೂ ಸ್ಟೆಬಿಲೈಸೇಶನ್ ಇತ್ತು, ಅದರ ಕೆಲಸ ಅದು ಮಾಡಿತ್ತು. ಬೇಕಾಗಿದ್ದದ್ದು ಬೆಳಕು. 5.6ರಿಂದ 2.8ಕ್ಕೆ ಬಂದರೆ ಎರಡು ಸ್ಟಾಪ್; ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು, ಅಂದರೆ ಒಟ್ಟು ನಾಲ್ಕು ಪಟ್ಟು. ಅದೇ ನಡುಮನೆಯಲ್ಲಿ 1/50 ಹೋಗಿ 1/200. ರೀಲ್ ಕಾಲದಿಂದ ಮದುವೆ ತೆಗೆದವರು ಅವರು, ಮಾರುವುದಕ್ಕೆ ಅವರ ಹತ್ತಿರ ಲೆನ್ಸೇ ಇರಲಿಲ್ಲ. ಮಗನ ಎರಡು ಲೆನ್ಸು ತೆಗೆದುಕೊಟ್ಟು "ಭಾನುವಾರ ಹಾಕಿ ನೋಡು" ಎಂದರು. ಇಂಥ ದೊಡ್ಡ ಮನಸ್ಸಿನವರು ಕಡಿಮೆ.

ಭಾನುವಾರ ಮೊದಲು ಹಾಕಿದ್ದು 17-70. 525 ಗ್ರಾಂ, ಹುಡ್ ಸೇರಿ ಮತ್ತೂ ಉದ್ದ. ಅಜ್ಜಿ ಕಟ್ಟುವುದನ್ನೇ ನಿಲ್ಲಿಸಿದಳು. "ಅದ್ಯಾಕ್ಲಾ ಮಗಾ, ಅಷ್ಟುದ್ದ ಐತೆ?" ಎಂದು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಆಮೇಲೆ ಸಿಗ್ಮಾ 18-50. ಅದೂ ಎಫ್/2.8, ಆದರೆ 290 ಗ್ರಾಂ. ಸ್ಟೆಬಿಲೈಸೇಶನ್ ಇಲ್ಲ, 1/200ರಲ್ಲಿ ನನಗೆ ಅದರ ಅಗತ್ಯವೂ ಬೀಳಲಿಲ್ಲ. ಕೈಯಲ್ಲಿ ಹಿಡಿದು ವಿಡಿಯೊ ಮಾಡುವವರಿಗಾದರೆ 17-70ನ್ನೇ ಹೇಳುತ್ತೇನೆ. ಚಿಕ್ಕ ಲೆನ್ಸು ಕಂಡು ಅಜ್ಜಿ ಮತ್ತೆ ಬಾಳೆನಾರು ಎಳೆದುಕೊಂಡಳು.

2.8ಕ್ಕೆ ಅದರದೇ ಬೆಲೆಯಿದೆ. ಒಂದು ಮೀಟರ್ ದೂರದಿಂದ 50ರಲ್ಲಿ ತೆಗೆದರೆ ಸ್ಪಷ್ಟವಾಗಿ ಉಳಿಯುವುದು ನಾಲ್ಕೈದು ಸೆಂಟಿಮೀಟರ್ ಅಷ್ಟೇ. ಬೆರಳು ಬೇಕೋ, ಮುಖ ಬೇಕೋ. ನಾನು ಬೆರಳಿಗೆ ಫೋಕಸ್ ಕೊಟ್ಟೆ.

ಬಂತು. ಬೆರಳು, ನಾರಿನ ಗಂಟು, ಎರಡು ಹೂವು, ಎಲ್ಲ ನಿಂತಿವೆ. ಅಮ್ಮ ನೋಡಿ "ವಾಸಿಯಾದಂಗೆ ಕಾಣ್ತೈತೆ" ಅಂದಳು. ಆ ಮಾತಿಗೆ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ವಾಸಿಯಾಗಿಲ್ಲವಲ್ಲ. ಮೂರು ವರ್ಷದಿಂದ ಅಜ್ಜಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆ, ಬಂದವರಿಗೆ ತಾನೇ ಕಾಫಿ ಕೊಡುವುದು ಬಿಟ್ಟಿದ್ದಾಳೆ. ಹೂ ಕಟ್ಟುವುದೊಂದನ್ನು ಬಿಟ್ಟಿಲ್ಲ. ಅಜ್ಜಿ ಕೈ ನಡುಗಿದ್ರೆ ಅದೇನ್ ಮಾಡುತ್ತಪ್ಪಾ? ಸೆಕೆಂಡಿನ ಇನ್ನೂರನೇ ಒಂದು ಪಾಲು ನಿಲ್ಲಿಸುತ್ತದೆ, ಅಷ್ಟೇ. ಆ ನಿಂತ ಕೈಯನ್ನು ಅಜ್ಜಿಯ ಕೈ ಎಂದು ನಾಳೆ ನನ್ನ ಮಕ್ಕಳಿಗೆ ತೋರಿಸಲೋ, ಆ ಹೊಗೆಯಂಥದನ್ನೋ? ಗೊತ್ತಾಗುತ್ತಿಲ್ಲ. ಹಳೇ ಫೋಟೊ ಅಳಿಸಿಲ್ಲ. ಸಿಗ್ಮಾಗೆ ಸೋಮವಾರ ದುಡ್ಡು ಕಟ್ಟಿದೆ.

ಅಜ್ಜಿಗೂ ತೋರಿಸಿದೆ. ಹೂವನ್ನು ನೋಡಲೇ ಇಲ್ಲ. ಪರದೆಯ ಮೇಲೆ ಹೆಬ್ಬೆರಳ ಬುಡದ ಬಿಳಿ ಗೆರೆಯೊಂದನ್ನು ಮುಟ್ಟಿ, "ಇದು ನಿಮ್ ತಾತನ ಕುಡುಗೋಲು ತಾಗಿದ್ದು. ಮದ್ವೆ ಆದ ವರ್ಷ" ಅಂದಳು. ಅಲ್ಲೊಂದು ಗಾಯದ ಗುರುತು ಇದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.