ಎಕ್ಸ್-ರೇ ನೋಡಿ ನ್ಯುಮೋನಿಯಾ ಎಷ್ಟು ಜೋರಿದೆ ಅಂತ ಹೇಳಬಹುದಾ?

"ಡಾಕ್ಟ್ರೇ, ಫಿಲ್ಮ್ ಕಳಿಸಿದೀನಿ. ಸೀರಿಯಸ್ಸಾ, ಅಲ್ವಾ, ಅಷ್ಟು ಹೇಳಿಬಿಡಿ."

ರೇಡಿಯಾಲಜಿಸ್ಟ್ ಆದ ನನ್ನ ವಾಟ್ಸಾಪಿಗೆ ಇಂಥ ಮೆಸೇಜು ಬರುತ್ತಲೇ ಇರುತ್ತದೆ. ಜೊತೆಗೆ ಟ್ಯೂಬ್‌ಲೈಟ್‌ಗೆ ಹಿಡಿದು ತೆಗೆದ, ಅರ್ಧ ಹೊಳೆಯುವ ಫೋಟೋ ಒಂದು! 2021ರ ಎರಡನೇ ಅಲೆಯಲ್ಲಿ "25ಕ್ಕೆ ಎಷ್ಟು?" ಅಂತ ಸಿಟಿ ಸ್ಕ್ಯಾನಿನ ಸ್ಕೋರ್ ಕೇಳುವುದು ಮನೆಮನೆಯ ಮಾತಾಗಿತ್ತು. ಈಗ ವೈರಲ್ ನ್ಯುಮೋನಿಯಾ ಅಂದ ಕೂಡಲೇ ಎಕ್ಸ್-ರೇಗೂ ಒಂದು ನಂಬರ್ ಬೇಕು.

ನಂಬರ್ ಇದೆ. 2020ರಲ್ಲಿ ಕೊರೊನಾ ಉತ್ತರ ಇಟಲಿಯ ಬ್ರೆಶಾ ನಗರಕ್ಕೆ ಬಡಿದಾಗ ಅಲ್ಲಿನ ರೇಡಿಯಾಲಜಿ ವೈದ್ಯರು ಎದೆಯ ಎಕ್ಸ್-ರೇ ನೋಡಿ ಅಂಕ ಕೊಡುವ ಬ್ರಿಕ್ಸಿಯಾ ಸ್ಕೋರ್ ಮಾಡಿಕೊಂಡರು. ಏದುಸಿರು ಬಿಡುತ್ತಿರುವವರನ್ನು ಪದೇ ಪದೇ ಸಿಟಿ ಸ್ಕ್ಯಾನ್‌ಗೆ ಒಯ್ಯುವುದು ಕಷ್ಟ. ಎಕ್ಸ್-ರೇ ಮಷಿನ್ನನ್ನಾದರೆ ಹಾಸಿಗೆ ಹತ್ತಿರಕ್ಕೇ ತಳ್ಳಿಕೊಂಡು ಹೋಗಬಹುದು.

ಲೆಕ್ಕ ಸುಲಭ. ಎರಡೂ ಶ್ವಾಸಕೋಶಗಳನ್ನು ಮೇಲೆ, ನಡುವೆ, ಕೆಳಗೆ ಅಂತ ಭಾಗ ಮಾಡಿದರೆ ಆರು ಭಾಗ. ಒಂದು ಭಾಗದಲ್ಲಿ ಏನೂ ಇಲ್ಲದಿದ್ದರೆ 0. ಬಲೆಯಂಥ ಗೆರೆಗಳಷ್ಟೇ ಇದ್ದರೆ 1. ಗೆರೆಗಳ ನಡುವೆ ಬಿಳಿ ನೆರಳೂ ಸೇರಿದ್ದರೆ 2. ಬಿಳಿಯೇ ಮೇಲುಗೈ ಆದರೆ 3. ಒಟ್ಟು 18ಕ್ಕೆ. ಬಲಗಡೆ ಮೇಲಿನಿಂದ 1, 2, 3, ಎಡಗಡೆ 0, 2, 2 ಇದ್ದರೆ ಮೊತ್ತ 10. ಮೊತ್ತದ ಪಕ್ಕ ಆರೂ ಅಂಕಿಗಳನ್ನು ಬರೆಯುತ್ತಾರೆ. ಎರಡು ದಿನ ಬಿಟ್ಟು ತೆಗೆದ ಫಿಲ್ಮಿನಲ್ಲಿ ಎಡಗಡೆಯ ಆ 0 ಈಗ 2 ಆಗಿದೆಯಾ ಅಂತ ತಕ್ಷಣ ಕಾಣುತ್ತದೆ. ನನ್ನ ಪ್ರಕಾರ ಈ ಸ್ಕೋರಿನ ಅಸಲಿ ಉಪಯೋಗ ಇದೇ.

ಹಾಗಾದ್ರೆ ಒಂದೇ ಫಿಲ್ಮ್ ನೋಡಿ ಹೇಳೋಕೆ ಏನು ಕಷ್ಟ? ಮೊದಲನೆಯದು, ತೆಗೆಯುವ ರೀತಿ. ಸ್ಟ್ಯಾಂಡಿಗೆ ಎದೆ ಒತ್ತಿ ನಿಂತು, ಉಸಿರು ಪೂರ್ತಿ ಎಳೆದು ಹಿಡಿದರೆ ಒಳ್ಳೆಯ ಫಿಲ್ಮ್ ಬರುತ್ತದೆ. ಉಸಿರಿಗೇ ಒದ್ದಾಡುತ್ತಿರುವವರಿಗೆ ಅದು ಆಗುವುದಿಲ್ಲ. ಹಾಸಿಗೆಯಲ್ಲೇ ಮುಂದಿನಿಂದ ತೆಗೆಯಬೇಕು. ಆಗ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಉಸಿರು ಸಾಲದೆ ಶ್ವಾಸಕೋಶದ ಕೆಳಭಾಗ ಬೆಳ್ಳಗಾಗುತ್ತದೆ. ಕೊರೊನಾ ನ್ಯುಮೋನಿಯಾ ಜಾಸ್ತಿ ಕೂರುವುದೂ ಅಲ್ಲೇ. ಸುಮ್ನೆ ಒಂದೆರಡು ಅಂಕ ಏರಿಬಿಡಬಹುದು.

ಎರಡನೆಯದು, ಕಾಯಿಲೆಯ ಎಷ್ಟನೇ ದಿನ ಅನ್ನುವುದು. ಕೊರೊನಾದಲ್ಲಿ ನೆರಳು ಹೆಚ್ಚು ಜೋರಾಗಿ ಕಂಡದ್ದು ಲಕ್ಷಣ ಶುರುವಾಗಿ 10–12 ದಿನದ ಹೊತ್ತಿಗೆ. ಎರಡನೇ ದಿನದ ಫಿಲ್ಮ್ ಕ್ಲೀನ್ ಇದೆ ಅಂತ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ಉಲ್ಟಾನೂ ಆಗುತ್ತೆ. ಜ್ವರ ಬಿಟ್ಟು, ಊಟ ಸೇರಿ, ಆರಾಮಾಗಿ ಓಡಾಡುತ್ತಿರುವವರ ಫಿಲ್ಮಿನಲ್ಲಿ ಇನ್ನೂ ಬಿಳಿ ಉಳಿದಿರುತ್ತದೆ.

ಅದಕ್ಕೇ ನಾನು ತಿರುಗಿ ಕೇಳುವುದು: ಆಕ್ಸಿಜನ್ ಎಷ್ಟಿದೆ? ನಿಮಿಷಕ್ಕೆ ಎಷ್ಟು ಸಲ ಉಸಿರಾಡ್ತಿದಾರೆ? 2021ರಲ್ಲಿ ದೇಶದ ಕೊರೊನಾ ಮಾರ್ಗಸೂಚಿ ದೊಡ್ಡವರಲ್ಲಿ ತೀವ್ರತೆಯನ್ನು ಅಳೆದದ್ದೂ ಇವೆರಡರಿಂದಲೇ. ಆಕ್ಸಿಜನ್ 90ರಿಂದ 93 ಇದ್ದರೆ ಅಥವಾ ಉಸಿರು 24 ಮುಟ್ಟಿದರೆ ಮಧ್ಯಮ. ಆಕ್ಸಿಜನ್ 90ಕ್ಕಿಂತ ಕೆಳಗೆ ಅಥವಾ ಉಸಿರು 30ರ ಮೇಲೆ ಹೋದರೆ ತೀವ್ರ. ಸ್ಕೋರ್ 4, ಆಕ್ಸಿಜನ್ 88 ಅಂದರೆ ನನಗೆ ಮೆಸೇಜ್ ಹಾಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಹೋಗುವಾಗ ಹಳೆಯ ಫಿಲ್ಮ್‌ಗಳನ್ನೂ ತಗೊಂಡು ಹೋಗಿ. ಮೇಲ್ಭಾಗದ ನೆರಳು ವಾರಗಳಾದರೂ ಕರಗದಿದ್ದರೆ, ನಮ್ಮ ದೇಶದಲ್ಲಿ ಅದು ಟಿಬಿ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಅದಕ್ಕೆ ಕಫದ ಪರೀಕ್ಷೆ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.