ಟಿಜೆಯೋ, ಲೌಡನ್ ಅಕಾಡೆಮಿಯೋ: ಎಂಟನೇ ತರಗತಿಯ ಮಕ್ಕಳಿರುವ ಮನೆಗಳಿಗೆ

ಉತ್ತರ ವರ್ಜೀನಿಯಾದ ಆಶ್‌ಬರ್ನ್, ಬ್ರ್ಯಾಂಬಲ್‌ಟನ್, ಸೌತ್ ರೈಡಿಂಗ್, ಆಲ್ಡಿ ಕಡೆ ಕನ್ನಡದ ಮನೆಗಳಿಗೆ ಕೊರತೆಯಿಲ್ಲ. ಮಗು ಏಳನೇ ತರಗತಿ ಮುಟ್ಟುತ್ತಿದ್ದಂತೆ ಅಲ್ಲೆಲ್ಲ ಟಿಜೆ ಎಂಬ ವಿಜ್ಞಾನ ಹೈಸ್ಕೂಲಿನ ಮಾತು ಶುರುವಾಗುತ್ತದೆ. ಆ ಮಾತು ಬಹುಪಾಲು ರ‍್ಯಾಂಕಿಂಗ್ ಸುತ್ತಲೇ ತಿರುಗುತ್ತದೆ ಎನ್ನುವುದು ನನ್ನ ತಕರಾರು. ಲೌಡನ್ ಕೌಂಟಿಯ ಮಗುವಿಗೆ ಇಲ್ಲಿ ತೂಗಬೇಕಾದ್ದು ಎರಡು ಬಗೆಯ ದಿನಚರಿಗಳನ್ನು: ಟಿಜೆಯದು ಒಂದು, ಕೌಂಟಿಯ ಸ್ವಂತ ಅಕಾಡೆಮಿಯದು ಇನ್ನೊಂದು. ನಾಲ್ಕು ವರ್ಷ ಬದುಕಬೇಕಾದ್ದು ಆ ದಿನಚರಿಯಲ್ಲೇ.

ಟಿಜೆ, ಅಂದರೆ ಥಾಮಸ್ ಜೆಫರ್ಸನ್ ಹೈಸ್ಕೂಲ್ ಫಾರ್ ಸೈನ್ಸ್ ಅಂಡ್ ಟೆಕ್ನಾಲಜಿ, 1985ರಲ್ಲಿ ಮ್ಯಾಗ್ನೆಟ್ (ವಿಶೇಷ ವಿಷಯಕ್ಕೆ ಒತ್ತು ಕೊಟ್ಟು, ಮಕ್ಕಳನ್ನು ಆಯ್ದು ಸೇರಿಸಿಕೊಳ್ಳುವ ಶಾಲೆ) ಆಗಿ ಶುರುವಾದದ್ದು. ನಡೆಸುವುದು ಫೇರ್‌ಫ್ಯಾಕ್ಸ್ ಕೌಂಟಿ. ಲೌಡನ್, ಪ್ರಿನ್ಸ್ ವಿಲಿಯಂ, ಆರ್ಲಿಂಗ್ಟನ್, ಫಾಲ್ಸ್ ಚರ್ಚ್ ಮಕ್ಕಳಿಗೂ ಅಲ್ಲಿ ಸೀಟಿದೆ, ಅವರ ಶುಲ್ಕವನ್ನು ಆಯಾ ಶಾಲಾ ಮಂಡಳಿ ಕಟ್ಟುತ್ತದೆ. ಅಕಾಡೆಮೀಸ್ ಆಫ್ ಲೌಡನ್ ಇರುವುದು ಲೀಸ್‌ಬರ್ಗ್‌ನಲ್ಲಿ. ಈಗಿನ ಕಟ್ಟಡ ತೆರೆದದ್ದು 2018ರಲ್ಲಿ, ಒಳಗಿನ ಕಾರ್ಯಕ್ರಮಗಳು ಅದಕ್ಕಿಂತ ಹಳೆಯವು: ಅಕಾಡೆಮಿ ಆಫ್ ಸೈನ್ಸ್ (ಎಓಎಸ್), ಅಕಾಡೆಮಿ ಆಫ್ ಎಂಜಿನಿಯರಿಂಗ್ ಅಂಡ್ ಟೆಕ್ನಾಲಜಿ (ಎಇಟಿ), ಮತ್ತು ವೃತ್ತಿ ಕೋರ್ಸುಗಳ ಮನ್ರೋ ಅಕಾಡೆಮಿ. ಎಓಎಸ್ ಮೊದಲು 2005ರಲ್ಲಿ ಡೊಮಿನಿಯನ್ ಹೈಸ್ಕೂಲಿನೊಳಗೆ ಹುಟ್ಟಿತ್ತು.

ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಇದು. ಟಿಜೆಗೆ ಸೇರಿದ ಮಗು ಪೂರ್ತಿ ಟಿಜೆಯದು. ಅಕಾಡೆಮಿಗೆ ಸೇರಿದ ಮಗು ದಿನ ಬಿಟ್ಟು ದಿನ ಮಾತ್ರ ಲೀಸ್‌ಬರ್ಗ್‌ಗೆ ಹೋಗುತ್ತದೆ, ಉಳಿದ ದಿನ ತನ್ನ ಹೋಮ್ ಹೈಸ್ಕೂಲಿನಲ್ಲಿ, ಅಂದರೆ ಮನೆಯ ವಿಳಾಸಕ್ಕೆ ಸೇರಿದ ಮಾಮೂಲಿ ಹೈಸ್ಕೂಲಿನಲ್ಲಿ ಕೂರುತ್ತದೆ. ಎರಡೂ ದೋಣಿಯಲ್ಲಿ ಕಾಲಿಟ್ಟಂತೆ ಎಂದು ಕೆಲವರು ಹೆದರುತ್ತಾರೆ. ಬಾಲ್ಯದ ಗೆಳೆಯರು, ಮನೆ ಹತ್ತಿರದ ಕ್ರೀಡಾ ತಂಡ ಕೈಬಿಡಬಾರದು ಎನ್ನುವ ಮಗುವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟ.

ತೊಡಕು ಬರುವುದು ಟೈಮ್‌ಟೇಬಲ್‌ನಲ್ಲಿ. ಸರದಿಯಲ್ಲಿ ಬರುವ ಎ ದಿನ, ಬಿ ದಿನ ಸೇರಿ ಒಟ್ಟು ಎಂಟು ಬ್ಲಾಕ್ (ಪಾಠದ ಅವಧಿ). ಅಕಾಡೆಮಿ ಅದರಲ್ಲಿ ನಾಲ್ಕನ್ನು ತೆಗೆದುಕೊಳ್ಳುತ್ತದೆ. ಹೋಮ್ ಹೈಸ್ಕೂಲಿಗೆ ಉಳಿದ ನಾಲ್ಕನ್ನು ಒಂಬತ್ತನೇ ತರಗತಿಯ ಮಗುವಿಗೆ ಹಂಚಿ ನೋಡಿ: ಇಂಗ್ಲಿಷ್ ಒಂದು, ಇತಿಹಾಸ ಒಂದು, ಸ್ಪ್ಯಾನಿಷ್ ಅಥವಾ ಫ್ರೆಂಚ್ ಒಂದು, ಹೆಲ್ತ್ ಮತ್ತು ಪಿಇ (ದೈಹಿಕ ಶಿಕ್ಷಣ) ಒಂದು. ಮುಗಿಯಿತು. ಆರ್ಕೆಸ್ಟ್ರಾ, ಬ್ಯಾಂಡ್, ಆರ್ಟ್ ಯಾವುದಕ್ಕೂ ಜಾಗವಿಲ್ಲ. ಪಿಇ ಬಿಡೋಣವೆಂದರೆ ವರ್ಜೀನಿಯಾದಲ್ಲಿ ಹೈಸ್ಕೂಲ್ ಡಿಪ್ಲೊಮಾಗೆ ಹೆಲ್ತ್-ಪಿಇ ಎರಡು ಕ್ರೆಡಿಟ್ ಬೇಕೇ ಬೇಕು, ಮುಂದೆ ಎಕನಾಮಿಕ್ಸ್ ಅಂಡ್ ಪರ್ಸನಲ್ ಫೈನಾನ್ಸ್ ಕೂಡ ಕಡ್ಡಾಯ. ಬೇಸಿಗೆಯಲ್ಲಿ ಆನ್‌ಲೈನಾಗಿ ಮುಗಿಸಲು ಬರುವ ಕೋರ್ಸುಗಳು ಯಾವುವು ಎಂದು ಕೌನ್ಸೆಲರ್ ಬಳಿ ವಸಂತದಲ್ಲೇ ಕೇಳಿ ಹೆಸರು ಹಚ್ಚಿದವರ ಮಕ್ಕಳ ಕೈಯಲ್ಲಿ ಪಿಟೀಲು ಉಳಿಯುತ್ತದೆ. ಆಗಸ್ಟ್‌ನಲ್ಲಿ ಕೇಳಿದರೆ ತಡವಾಗಿರುತ್ತದೆ. ಇನ್ನೊಂದು ಪೇಚು: ಹೋಮ್ ಹೈಸ್ಕೂಲಿನಲ್ಲಿ ನಿಮಗೆ ಬೇಕಾದ ಎಪಿ (ಕಾಲೇಜು ಮಟ್ಟದ) ಕೋರ್ಸಿಗೆ ಒಂದೇ ಸೆಕ್ಷನ್ ಇದ್ದು, ಅದು ಅಕಾಡೆಮಿಯ ದಿನವೇ ಬಿದ್ದರೆ ಆ ವರ್ಷ ಆ ಕೋರ್ಸ್ ಇಲ್ಲ. ಚಿಕ್ಕ ಹೈಸ್ಕೂಲುಗಳಲ್ಲಿ ಇದು ಹೆಚ್ಚು.

ಟಿಜೆಯಲ್ಲಿ ಈ ಹಂಚಾಟವಿಲ್ಲ. ಅಲ್ಲಿಯ ಬೆಲೆ ರಸ್ತೆಯ ಮೇಲೆ ಕಟ್ಟುವಂಥದ್ದು. ಬ್ರ್ಯಾಂಬಲ್‌ಟನ್‌ನಿಂದ ಬ್ರ್ಯಾಡಕ್ ರೋಡ್‌ನ ಶಾಲೆಗೆ 25 ಮೈಲಿಗೂ ಹೆಚ್ಚು, ಅದೂ 66 ಮತ್ತು 495 ಹೆದ್ದಾರಿಗಳ ಬೆಳಗಿನ ದಟ್ಟಣೆಯಲ್ಲಿ. ಲೌಡನ್ ಬಸ್ ಮನೆ ಬಾಗಿಲಿಗೆ ಬರುವುದಿಲ್ಲ, ಗೊತ್ತುಪಡಿಸಿದ ಸ್ಟಾಪಿಗೆ ನೀವೇ ಬಿಡಬೇಕು. ಶಾಲೆ ಶುರುವಾಗುವುದು ಸುಮಾರು ಎಂಟೂ ಮುಕ್ಕಾಲಿಗೆ, ಲೌಡನ್ ಹೈಸ್ಕೂಲುಗಳು ಸುಮಾರು ಒಂಬತ್ತೂವರೆಗೆ. ಪ್ರಯಾಣವನ್ನೂ ಸೇರಿಸಿದರೆ ಟಿಜೆಯ ಮಗು ಪಕ್ಕದ ಮನೆಯ ಮಗುವಿಗಿಂತ ಒಂದೂವರೆ ಗಂಟೆಗೂ ಮುಂಚೆ ಏಳಬೇಕು. ಸಂಜೆ ಮನೆ ಸೇರುವುದೂ ತಡ. ಅರ್ಜಿ ಹಾಕುವ ಮೊದಲು ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಆ ದಾರಿಯಲ್ಲಿ ಕಾರು ಓಡಿಸಿ ನೋಡಿ. ಭಾನುವಾರದ ಗೂಗಲ್ ಮ್ಯಾಪ್ ನಂಬಬೇಡಿ.

ಆ ಬೆಲೆಗೆ ಸಿಗುವುದೇನು? ಒಂಬತ್ತನೇ ತರಗತಿಯಲ್ಲೇ ಬಯಾಲಜಿ, ಇಂಗ್ಲಿಷ್, ಟೆಕ್ನಾಲಜಿ ಮೂರನ್ನೂ ಹೆಣೆದ ಐಬೆಟ್ ಎಂಬ ಕಾರ್ಯಕ್ರಮ. ಅಲ್ಲಿಂದ ಕೆಮಿಸ್ಟ್ರಿ, ಫಿಸಿಕ್ಸ್, ಜಿಯೋಸಿಸ್ಟಮ್ಸ್ (ಭೂವಿಜ್ಞಾನ), ಎಲ್ಲರಿಗೂ ಕಂಪ್ಯೂಟರ್ ಸೈನ್ಸ್, ಕೊನೆಯ ವರ್ಷ ಯಾವುದಾದರೂ ಒಂದು ಲ್ಯಾಬಿನಲ್ಲಿ ಸಂಶೋಧನಾ ಪ್ರಾಜೆಕ್ಟ್. ಖಗೋಳ, ನ್ಯೂರೋಸೈನ್ಸ್, ಸಾಗರ ವಿಜ್ಞಾನ, ರೋಬೋಟಿಕ್ಸ್, ಮೈಕ್ರೋಎಲೆಕ್ಟ್ರಾನಿಕ್ಸ್, ಹೀಗೆ ಹತ್ತಕ್ಕೂ ಹೆಚ್ಚು ಲ್ಯಾಬುಗಳು. ವಾರದಲ್ಲಿ ಎರಡು ದಿನ ಶಾಲಾ ಸಮಯದೊಳಗೇ ‘ಎಂಟನೇ ಪೀರಿಯಡ್’ ಎಂಬ ಕ್ಲಬ್ ವೇಳೆ ಇರುತ್ತದೆ. ದೂರದಿಂದ ಬರುವ ಮಕ್ಕಳಿಗೆ ಇದೊಂದು ವರ, ಮ್ಯಾಥ್ ಟೀಮ್‌ಗೋ ಡಿಬೇಟ್‌ಗೋ ಸಂಜೆ ಕಾದು ಕೂರಬೇಕಿಲ್ಲ. ಎಓಎಸ್‌ನ ಬಲ ಬೇರೆ ಥರದ್ದು: ತಂಡ ಚಿಕ್ಕದು, ಪ್ರಯೋಗವನ್ನು ಮಕ್ಕಳೇ ರೂಪಿಸಬೇಕು, ಸ್ವಂತ ಸಂಶೋಧನೆ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ. ಮೊದಲ ಪ್ರಯತ್ನದ ಡೇಟಾ ಕೈಕೊಟ್ಟರೆ ಮತ್ತೆ ಮಾಡಲು ಅಲ್ಲಿ ಸಮಯವಿದೆ. ಕೈಯಲ್ಲಿ ಏನಾದರೂ ಕಟ್ಟುತ್ತಲೇ ಇರುವ, ಕೋಡ್ ಬರೆಯುವ ಮಗುವಿಗೆ ಎಇಟಿ.

ಎಚ್-4 ವೀಸಾ (ಎಚ್-1ಬಿ ಉದ್ಯೋಗಿಗಳ ಕುಟುಂಬದವರ ವೀಸಾ) ಮೇಲಿರುವ ಮಕ್ಕಳ ಮನೆಯವರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಪ್ರವೇಶಕ್ಕೆ ವೀಸಾ ಅಡ್ಡಿಯಲ್ಲ, ವಾಸದ ವಿಳಾಸ ಮುಖ್ಯ. ಆದರೆ ಎಚ್-4 ಮಗು ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ, ಈ ಭಾಗದ ಫೆಡರಲ್ ಲ್ಯಾಬುಗಳ ಬೇಸಿಗೆ ಕಾರ್ಯಕ್ರಮಗಳಲ್ಲಿ ಹಲವು ಪೌರತ್ವ ಕೇಳುತ್ತವೆ. ಹೀಗಿರುವಾಗ ಶಾಲೆಯ ಗೋಡೆಯೊಳಗೇ ನಡೆಯುವ ಸಂಶೋಧನೆಗೆ ತೂಕ ಜಾಸ್ತಿ. ಇಂಥ ಮಕ್ಕಳಿಗೆ ಟಿಜೆ ಅಥವಾ ಎಓಎಸ್ ಕೊಡುವುದನ್ನು ಸಾಮಾನ್ಯ ಹೈಸ್ಕೂಲಿನ ಜೊತೆ ಹೊರಗಿನ ಇಂಟರ್ನ್‌ಶಿಪ್ ಸೇರಿಸಿ ತುಂಬಿಸಿಕೊಳ್ಳುವುದು ಕಷ್ಟ.

ಇನ್ನು ಪ್ರವೇಶ. ಟಿಜೆಯ ಹಳೆಯ ಪ್ರವೇಶ ಪರೀಕ್ಷೆಯನ್ನು 2020ರಲ್ಲಿ ಕೈಬಿಟ್ಟರು. ಹೊಸ ಪದ್ಧತಿಯ ವಿರುದ್ಧ ಪೋಷಕರು ಹೂಡಿದ ಮೊಕದ್ದಮೆಯನ್ನು 2024ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲು ನಿರಾಕರಿಸಿತು. ಈಗ ಬೇಕಿರುವುದು ಕನಿಷ್ಠ 3.5 ಜಿಪಿಎ (ಗ್ರೇಡುಗಳ ಸರಾಸರಿ), ಎಂಟನೆಯಲ್ಲಿ ಆಲ್ಜೀಬ್ರಾ 1 ಅಥವಾ ಮೇಲಿನ ಗಣಿತ, ಆನರ್ಸ್ (ಮೇಲಿನ ಮಟ್ಟದ) ಕೋರ್ಸುಗಳು, ಜೊತೆಗೆ ಒಟ್ಟು 120 ನಿಮಿಷದ ಬರಹ: ಮಗು ತನ್ನ ಬಗ್ಗೆ ಹೇಳುವ ವ್ಯಕ್ತಿಚಿತ್ರ ಒಂದು ಭಾಗ, ಸಮಸ್ಯೆ ಬಿಡಿಸುವುದು ಇನ್ನೊಂದು. ಸೀಟು ಸುಮಾರು 550. ಪ್ರತಿ ಸರ್ಕಾರಿ ಮಿಡಲ್ ಸ್ಕೂಲಿಗೂ ಅದರ ಎಂಟನೇ ತರಗತಿ ಸಂಖ್ಯೆಯ ಶೇ 1.5ರಷ್ಟು ಮೀಸಲು: 400 ಮಕ್ಕಳಿದ್ದರೆ ಆರು ಸೀಟು. ಅಂದರೆ ನಿಮ್ಮ ಮಗುವಿನ ಮೊದಲ ಪೈಪೋಟಿ ಪಕ್ಕದ ಬೆಂಚಿನವರ ಜೊತೆ. ಮಿಕ್ಕ ಸೀಟುಗಳಿಗೆ ಎಲ್ಲ ಕಡೆಯವರೂ ಸೇರುತ್ತಾರೆ, ಖಾಸಗಿ ಶಾಲೆಯವರೂ. ಕಠಿಣ ಪೈಪೋಟಿಯ ಮಿಡಲ್ ಸ್ಕೂಲಿನಲ್ಲಿ ಎಲ್ಲ ಎ ಇದ್ದ ಮಗುವಿಗೂ ಸೀಟು ತಪ್ಪುತ್ತದೆ. ಅದು ಮಗುವಿನ ಕೊರತೆಯಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿಟ್ಟಿರಬೇಕು.

ಬರಹ ಕೆಡುವುದು ಎರಡು ಕಡೆ. ವ್ಯಕ್ತಿಚಿತ್ರದ ಭಾಗದಲ್ಲಿ ಮಕ್ಕಳು ಪದಕಗಳ ಪಟ್ಟಿ ಕೊಡುತ್ತಾರೆ, ಇಲ್ಲವೇ ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿದ ಉತ್ತರವನ್ನು ಯಾವುದೋ ಪ್ರಶ್ನೆಗೆ ಅಂಟಿಸುತ್ತಾರೆ. ಒಂದೇ ಘಟನೆ ಹಿಡಿದು ಏನು ತೊಡಕಾಯಿತು, ತಾನು ಏನು ಬದಲಿಸಿದೆ, ಆಮೇಲೆ ಏನಾಯಿತು ಎಂದು ಬರೆದರೆ ಸಾಕು. ಸಮಸ್ಯೆ ಬಿಡಿಸುವ ಭಾಗದಲ್ಲಿ ಉತ್ತರ ಬರೆದು ದಾರಿ ತೋರಿಸದಿರುವುದು ಎರಡನೇ ತಪ್ಪು. ಊಹೆಗಳನ್ನು ಬಿಡಿಸಿ ಹೇಳಬೇಕು, ಏಕಮಾನ ಹಾಕಬೇಕು, ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಯಾಕೆ ಹೋದೆ ಎಂಬುದು ಮಾತಿನಲ್ಲಿರಬೇಕು. ಅಕಾಡೆಮಿಗಳಿಗೆ ಅರ್ಜಿಯೂ ಬೇರೆ, ಗಡುವೂ ಬೇರೆ. ಟಿಜೆ ಗಡಿಬಿಡಿಯಲ್ಲಿ ಅದನ್ನು ಮರೆಯುವ ಮನೆಗಳಿವೆ.

ಗಣಿತವನ್ನು ಆರನೆಯಲ್ಲೇ ಆಲ್ಜೀಬ್ರಾ 1ಕ್ಕೆ ಏರಿಸುವ ಅವಸರ ಬೇಡ. ಮಿಡಲ್ ಸ್ಕೂಲಿನಲ್ಲಿ ಓದಿದ ಹೈಸ್ಕೂಲ್ ಕೋರ್ಸಿನ ಗ್ರೇಡ್ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿಗೆ ಸೇರುತ್ತದೆ. ಅದನ್ನು ತೆಗೆಸಿ ಎಂದು ಪೋಷಕರು ಲಿಖಿತವಾಗಿ ಕೇಳಲು ವರ್ಜೀನಿಯಾದಲ್ಲಿ ಅವಕಾಶವಿದೆ, ಆದರೆ ಕ್ರೆಡಿಟ್ಟೂ ಹೋಗುತ್ತದೆ, ಗಡುವೂ ಇದೆ. ಟಿಜೆಯಲ್ಲಿ ಗಣಿತದ ಓಟ ಜೋರು. ಭಿನ್ನರಾಶಿ, ಘಾತಾಂಕಗಳಲ್ಲಿ ಕೈ ಕುದುರದೆ ಮುಂದೆ ಓಡಿದ ಮಗು ಅಲ್ಲಿ ಮೊದಲ ಸೆಮಿಸ್ಟರಿನಲ್ಲೇ ಏದುಸಿರು ಬಿಡುತ್ತದೆ.

ಎರಡೂ ಕಡೆ ಸೀಟು ಬಂದರೆ, ಬಸ್ಸಿನಲ್ಲಿ ಮಲಗಬಲ್ಲ, ಹೊಸಬರ ನಡುವೆ ಬೇಗ ಬೆರೆಯುವ, ವಿಜ್ಞಾನವಲ್ಲದ ಪಾಠಗಳಲ್ಲೂ ಅದೇ ಬಿರುಸು ಬಯಸುವ ಮಗುವನ್ನು ಟಿಜೆಗೆ ಕಳಿಸಿ ಎನ್ನುತ್ತೇನೆ. ನಿದ್ದೆ ಕಡಿಮೆಯಾದರೆ ಕುಸಿಯುವ, ಈಜೋ ಭರತನಾಟ್ಯವೋ ವಾರಕ್ಕೆ ಮೂರು ಸಂಜೆ ಇಟ್ಟುಕೊಂಡಿರುವ ಮಗುವಿಗೆ ಅಕಾಡೆಮಿಯೇ ಸರಿ. ಒಪ್ಪಿಗೆ ಕಳಿಸುವ ಮುನ್ನ ಒಂದು ಲೆಕ್ಕ ಮಾತ್ರ ನೆನಪಿರಲಿ. ಟಿಜೆ ಒಗ್ಗದಿದ್ದರೆ ಹೋಮ್ ಹೈಸ್ಕೂಲಿಗೆ ವಾಪಸಾಗಬಹುದು, ಆದರೆ ಎಓಎಸ್, ಎಇಟಿಗಳ ಮುಖ್ಯ ಬಾಗಿಲು ಒಂಬತ್ತನೇ ತರಗತಿ. ಆಗ ಬಿಟ್ಟುಕೊಟ್ಟ ಸೀಟು ಕಾದಿರುವುದಿಲ್ಲ. ಎರಡೂ ಸಿಗದವರಿಗೆ ಒಂಬತ್ತರಲ್ಲಿದ್ದಾಗ ಟಿಜೆಯ ಹತ್ತನೇ ತರಗತಿಗೆ ‘ಫ್ರಾಶ್‌ಮೋರ್’ ಅರ್ಜಿ ಇದೆ, ಸೀಟು ಬೆರಳೆಣಿಕೆಯಷ್ಟು. ಹನ್ನೊಂದು, ಹನ್ನೆರಡನೇ ತರಗತಿಯಲ್ಲಿ ಮನ್ರೋ ಅಕಾಡೆಮಿಯ ಕೋರ್ಸುಗಳೂ ಇವೆ.