ತಪ್ಪು ಮುಚ್ಚಿಡುವುದನ್ನು ಕಲಿಸುವ ಮನೆಗಳು

ಬೆಳಗಾವಿಯ ಉದ್ಯಮಬಾಗದಲ್ಲಿ, ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಸುರಿಯುವ ಎರಕದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆ ನನ್ನ ಕೆಲಸ. ತಪ್ಪು ಎತ್ತಿ ತೋರಿಸಿದಾಗ ಮನುಷ್ಯರ ಮುಖ ಹೇಗೆ ಬದಲಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡುತ್ತ ಬಂದಿದ್ದೇನೆ. ಒಬ್ಬ ಸಿಡಿದೇಳುತ್ತಾನೆ. ಇನ್ನೊಬ್ಬ ಪಕ್ಕದವನ ಕಡೆ ಕೈ ತೋರಿಸುತ್ತಾನೆ. ಮತ್ತೊಬ್ಬ ತಲೆ ತಗ್ಗಿಸಿ ಹೂಂಗುಟ್ಟಿ, ಸಂಜೆ ಕ್ಯಾಂಟೀನಿನಲ್ಲಿ ಬೆನ್ನ ಹಿಂದೆ ವಿಷ ಕಾರುತ್ತಾನೆ. ಎಲ್ಲೋ ಒಬ್ಬ ಮಾತ್ರ ಎರಕವನ್ನು ಹೊರಳಿಸಿ ನೋಡಿ, "ಮರಳಿನಲ್ಲಿ ತೇವ ಹೆಚ್ಚಾಗಿತ್ತು ಮೇಡಂ, ಸರಿಮಾಡುತ್ತೇನೆ" ಎನ್ನುತ್ತಾನೆ. ಎಲ್ಲರೂ ಒಂದೇ ಪಾಳಿಯವರು, ಹೆಚ್ಚಿನವರು ಐಟಿಐ ಓದಿದವರು, ಸಂಬಳದಲ್ಲಿ ಹೆಚ್ಚು ಅಂತರವಿಲ್ಲ. ಅಂತರ ಇರುವುದು ಅವರು ಬೆಳೆದ ಮನೆಗಳಲ್ಲಿ ಎಂದು ನನಗೆ ಬಲವಾಗಿ ಅನಿಸುತ್ತದೆ.

ಮರಳಿನ ಅಚ್ಚು ಮಾಡುವ ನಮ್ಮ ಮೋಲ್ಡಿಂಗ್ ವಿಭಾಗದ ಮೇಲ್ವಿಚಾರಕರ ವಿಷಯ ಹೇಳುತ್ತೇನೆ. ಕೆಲಸದಲ್ಲಿ ಅವರಷ್ಟು ಪಳಗಿದವರು ಕಡಿಮೆ. ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಬೆರಳಿನ ಗುರುತು ಎಷ್ಟು ಚೂಪಾಗಿ ಮೂಡಿದೆ ಎಂದು ನೋಡಿಯೇ ತೇವ ಹೆಚ್ಚೋ ಕಡಿಮೆಯೋ ಹೇಳಬಲ್ಲರು. ಆದರೆ ಎರಕ ಕೆಟ್ಟರೆ ಇಡೀ ಶೆಡ್ಡಿಗೆ ಕೇಳುವಂತೆ, "ಕೂಳಿಗೆ ದಂಡ, ಭೂಮಿಗೆ ಭಾರ" ಎಂದು ಹುಡುಗರನ್ನು ಜರಿಯುತ್ತಾರೆ. ಹುಡುಗರಿಗೆ ಕೂಳು ಹಾಕುತ್ತಿರುವವರು ಅವರಲ್ಲ. ಅದು ಅಪ್ಪ ಮಗನಿಗೆ ಆಡುವ ಮಾತು, ಹೊಸ್ತಿಲ ಒಳಗಿನಿಂದ ಎದ್ದು ಬಂದು ಶೆಡ್ಡಿನಲ್ಲಿ ನಿಂತಿದೆ.

ಒಮ್ಮೆ ಊಟದ ಹೊತ್ತಿನಲ್ಲಿ ಅವರೇ ತಮ್ಮ ಬಾಲ್ಯದ ಮಾತೆತ್ತಿದರು. ರಾಯಬಾಗದ ಕಡೆಯ ಹಳ್ಳಿ, ಕಬ್ಬಿನ ಹೊಲ. ಶಾಲೆಯಿಂದ ಬಂದು ಎತ್ತಿಗೆ ನೀರು ತೋರಿಸುವುದು ತಡವಾದರೆ ಬಾರುಕೋಲಿನ ಏಟು, ರಾತ್ರಿ ಊಟವಿಲ್ಲ. ಅಳುತ್ತ ಹೇಳಲಿಲ್ಲ, ಎದೆಯುಬ್ಬಿಸಿ ಹೇಳಿದರು. "ಅಪ್ಪ ಹೊಡೆದಿದ್ದಕ್ಕೇ ನಾನು ಮನುಷ್ಯನಾದೆ. ಈಗಿನ ಹುಡುಗರಿಗೆ ಹೊಡೆಯುವವರಿಲ್ಲ." ಆ ಹೆಮ್ಮೆಯನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ಆ ಏಟು ಅನ್ಯಾಯವಾಗಿತ್ತು ಎಂದು ಒಪ್ಪಿದರೆ ಅಪ್ಪ ತಪ್ಪು ಮಾಡಿದ ಎಂದು ಒಪ್ಪಬೇಕಾಗುತ್ತದೆ. ಹತ್ತು ವರ್ಷದ ಹುಡುಗನಿಗೆ ಅದು ಆಗದ ಮಾತು. ಐವತ್ತು ದಾಟಿದ ಮೇಲೂ ಅವರಿಗೆ ಅದು ಆಗಿಲ್ಲ. ಅಪ್ಪನ ಮೇಲಿನ ಪ್ರೀತಿಯನ್ನು ಕಾಪಾಡಿಕೊಳ್ಳಲು ಬಾರುಕೋಲನ್ನೂ ಸಮರ್ಥಿಸಬೇಕು, ಸಮರ್ಥಿಸಿದ್ದನ್ನು ಮುಂದಿನವರ ಮೇಲೆ ಬೀಸಲೂ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು, ಮಾನಸಿಕವಾಗಿ ಹಿಂಸಿಸುವುದನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಇವತ್ತು ಹಿರಿಯ ಹುದ್ದೆಗಳಲ್ಲಿ ಇರುವವರೆಲ್ಲ ಶಾಲೆ ಮುಗಿಸಿಯಾಗಿತ್ತು. ಮನೆಯ ಒಳಗಂತೂ ಆ ಕಲಂ ಬರುವುದೇ ಇಲ್ಲ.

ಇನ್ನು ಬೈಸಿಕೊಳ್ಳುವವನ ಕಡೆಗೆ ಬರುತ್ತೇನೆ. ಪಂಪಿನ ಕವಚಗಳ ಒಂದು ಲಾಟ್ ನನ್ನ ಮೇಜಿಗೆ ಬಂದಿತ್ತು. ಒಂದರ ಮೇಲೆ ಪ್ರೈಮರ್ ಬಣ್ಣ ಒಂದು ಕಡೆ ಮಾತ್ರ ದಪ್ಪವಾಗಿ ಕಂಡಿತು. ಗೀರುಮೊಳೆಯಿಂದ ಕೆರೆದೆ. ಬೂದು ಬಣ್ಣದ ಮೆಟಲ್ ಪುಟ್ಟಿ ಪುಡಿಪುಡಿಯಾಗಿ ಉದುರಿ, ಕೆಳಗೆ ಕಡಲೆ ಗಾತ್ರದ ಬ್ಲೋಹೋಲ್, ಎಂದರೆ ಅನಿಲ ಸಿಕ್ಕಿಕೊಂಡು ಆದ ತೂತು, ಕಾಣಿಸಿತು. ಅದು ಹಾಗೆಯೇ ಹೋಗಿದ್ದರೆ ಗ್ರಾಹಕರ ಒತ್ತಡ ಪರೀಕ್ಷೆಯಲ್ಲಿ ನೀರು ಸೋರುತ್ತಿತ್ತು, ಇಡೀ ಲಾಟ್ ವಾಪಸ್ ಬರುತ್ತಿತ್ತು. ಪುಟ್ಟಿ ತುಂಬಿದ ಹುಡುಗನನ್ನು ಕರೆಸಿದೆ. ಅವನ ಕಣ್ಣು ನನ್ನ ಮೇಲಾಗಲಿ ಎರಕದ ಮೇಲಾಗಲಿ ಇರಲಿಲ್ಲ, ಮೇಲ್ವಿಚಾರಕರ ಕೋಣೆಯ ಬಾಗಿಲ ಮೇಲಿತ್ತು. ಇದರಿಂದ ಅವನಿಗೆ ಒಂದು ರೂಪಾಯಿಯ ಲಾಭವೂ ಇರಲಿಲ್ಲ. ಆಮೇಲೆ ಸಮಾಧಾನವಾಗಿ ಕೇಳಿದಾಗ, ತಮ್ಮ ಮನೆಯಲ್ಲಿ ಏನಾದರೂ ಒಡೆದರೆ ಚೂರುಗಳನ್ನು ಹಿತ್ತಲಲ್ಲಿ ಹೂತಿಡುವುದು ಅಕ್ಕ ಕಲಿಸಿದ ಉಪಾಯ ಎಂದ. ಅಪ್ಪನಿಗೆ ಗೊತ್ತಾಗುವವರೆಗೆ ಮನೆ ಶಾಂತವಾಗಿರುತ್ತಿತ್ತಂತೆ.

ಗದರುವ ಮೇಲ್ವಿಚಾರಕ, ಮುಚ್ಚಿಡುವ ಹುಡುಗ, ಇಬ್ಬರೂ ಒಂದೇ ಬಗೆಯ ಮನೆಯ ಮಕ್ಕಳು. ಹುಡುಗ ಮುಚ್ಚಿಟ್ಟಷ್ಟೂ ಮೇಲ್ವಿಚಾರಕರ ಅನುಮಾನ ಬಲಿಯುತ್ತದೆ, ಅವರು ಕೂಗಿದಷ್ಟೂ ಪುಟ್ಟಿಯ ಡಬ್ಬಿ ಬೇಗ ಖಾಲಿಯಾಗುತ್ತದೆ.

ಈ ವಿಷಯದಲ್ಲಿ ಒಂದು ಅಧ್ಯಯನ ನನಗೆ ಬಹಳ ಹಿಡಿಸಿತು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ಶುಶ್ರೂಷಾ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ಎಣಿಕೆಯಾಗಿತ್ತು. ಆದರೆ ಸಾಮರಸ್ಯ ಚೆನ್ನಾಗಿರುವ ತಂಡಗಳಲ್ಲಿಯೇ ತಪ್ಪುಗಳ ಸಂಖ್ಯೆ ಹೆಚ್ಚು ದಾಖಲಾಗಿತ್ತು. ಅಲ್ಲಿಯವರು ಹೆದರದೆ ಹೇಳಿಕೊಳ್ಳುತ್ತಿದ್ದರು, ಉಳಿದ ಕಡೆ ಬಾಯಿ ಬಿಡುತ್ತಿರಲಿಲ್ಲ ಎಂಬುದು ಅವರು ಕಂಡುಕೊಂಡ ವಿವರಣೆ. ಇದನ್ನು ಓದಿದ ಮೇಲೆ, ತಿಂಗಳ ವರದಿಯಲ್ಲಿ ಯಾವ ವಿಭಾಗದ ತಿರಸ್ಕೃತ ಎರಕಗಳು ತೀರಾ ಕಡಿಮೆಯೋ ಅಲ್ಲಿ ಮೊದಲು ಹೋಗಿ ನಿಲ್ಲುತ್ತೇನೆ.

ಬಾಲ್ಯದಲ್ಲಿ ಬೇರೂರುವ ಬಾಂಧವ್ಯದ ರೀತಿ ಕಚೇರಿಯಲ್ಲಿಯೂ ಕಾಣುತ್ತದೆಯೇ ಎಂದು ಹುಡುಕಿದವರೂ ಇದ್ದಾರೆ. ಮನಶ್ಶಾಸ್ತ್ರಜ್ಞರಾದ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಪ್ತ ಸಂಬಂಧಗಳಲ್ಲಿ ಸದಾ ಆತಂಕಪಡುವವರು ಕೆಲಸದಲ್ಲಿಯೂ ತಿರಸ್ಕಾರಕ್ಕೆ ಹೆದರುತ್ತಾರೆ. ಆಪ್ತತೆಯಿಂದಲೇ ದೂರ ಸರಿಯುವವರು ಜನರಿಂದ ತಪ್ಪಿಸಿಕೊಳ್ಳಲು ಕೆಲಸದಲ್ಲಿ ಮುಳುಗುತ್ತಾರೆ. 1998ರಲ್ಲಿ ವೈದ್ಯರಾದ ಫೆಲಿಟಿ ಮತ್ತು ಆಂಡಾ ಅವರ ತಂಡ ಅಮೆರಿಕದ ಸ್ಯಾನ್ ಡಿಯೇಗೊದ 9,508 ವಯಸ್ಕರ ಬಾಲ್ಯದ ಕಷ್ಟಗಳನ್ನು ಅವರ ಈಗಿನ ಆರೋಗ್ಯದ ಜೊತೆ ಹೋಲಿಸಿ ನೋಡಿತು. ಬಾಲ್ಯದಲ್ಲಿ ಇಂಥ ಕಷ್ಟಗಳು ಹೆಚ್ಚಿದ್ದಷ್ಟೂ ಕುಡಿತ, ಖಿನ್ನತೆ, ಹೃದ್ರೋಗ ಹೆಚ್ಚು ಕಂಡವು. ಅದು ಸಹೋದ್ಯೋಗಿಗಳ ವರ್ತನೆಯನ್ನು ಅಳೆದ ಅಧ್ಯಯನವಲ್ಲ, ಅದನ್ನು ಹಿಡಿದು ಯಾರ ಹಣೆಯ ಮೇಲೂ ಚೀಟಿ ಅಂಟಿಸಬಾರದು. ಬಾಲ್ಯದ ಪೆಟ್ಟು ದೊಡ್ಡವರಾದ ಮೇಲೂ ದೇಹದಲ್ಲಿ ಉಳಿಯುತ್ತದೆ ಎಂಬಷ್ಟನ್ನು ಮಾತ್ರ ನಾನು ಅದರಿಂದ ತೆಗೆದುಕೊಂಡಿದ್ದೇನೆ.

ಚೀಟಿ ಅಂಟಿಸುವ ಮಾತು ಬಂದಿದ್ದರಿಂದ ಇದನ್ನು ಹೇಳಲೇಬೇಕು. "ಮನೆಯ ಸಂಸ್ಕಾರ ಸರಿಯಿಲ್ಲ" ಎಂದು ನಮ್ಮಲ್ಲಿ ಯಾರ ಬಗ್ಗೆ ಹೇಳುತ್ತಾರೆ ಗಮನಿಸಿ. ಹೆಚ್ಚಾಗಿ ಬಡವರ ಬಗ್ಗೆ, ಕೆಳಗಿನವರೆಂದು ತಾವು ಎಣಿಸಿದ ಜಾತಿಗಳ ಬಗ್ಗೆ. ಬೆಳೆದ ಮನೆ ಎಂದರೆ ನನ್ನ ಅರ್ಥ ಖಂಡಿತ ಅದಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದ, ಒಮ್ಮೆಯೂ ದನಿ ಏರಿಸದ ಅಧಿಕಾರಿಯೊಬ್ಬರನ್ನು ನಾನು ಕಂಡಿದ್ದೇನೆ. ಕಿರಿಯ ಎಂಜಿನಿಯರನ್ನು ಎಲ್ಲರೆದುರು ನಿಲ್ಲಿಸಿಕೊಂಡು, ನಗುನಗುತ್ತ ಇನ್ನೊಬ್ಬನ ಜೊತೆ ಹೋಲಿಸುತ್ತಿದ್ದರು. ಅಂಕಪಟ್ಟಿ ಬಂದ ದಿನ ಚಿಕ್ಕಪ್ಪನ ಮಗನ ಅಂಕ ಮೊದಲು ಕೇಳುವ ಮನೆಗಳನ್ನು ಬಲ್ಲವರಿಗೆ ಅದು ಹೊಸದೇನಲ್ಲ. ಬಾರುಕೋಲಿನ ಗಾಯವಾದರೂ ಕಣ್ಣಿಗೆ ಕಾಣುತ್ತದೆ.

ಏಟು ತಿಂದವರೆಲ್ಲ ಏಟು ಕೊಡುವವರಾಗುವುದೂ ಇಲ್ಲ. ಮರಳಿನಲ್ಲಿ ತೇವ ಹೆಚ್ಚಾಗಿತ್ತು ಎನ್ನುವವನಿದ್ದಾನಲ್ಲ, ಅವನ ಊರು ಖಾನಾಪುರ ತಾಲ್ಲೂಕಿನಲ್ಲಿ. ಅಪ್ಪ ಕುಡುಕ, ಕೈ ಮಾಡುತ್ತಿದ್ದವನೇ. ಆದರೆ ಹುಡುಗನಾಗಿದ್ದಾಗ ಇವನು ಮೇಯಿಸುತ್ತಿದ್ದ ಎಮ್ಮೆ ಪಕ್ಕದವರ ಭತ್ತದ ಗದ್ದೆಗೆ ನುಗ್ಗಿದ ದಿನ ಅವ್ವ ಇವನ ಕೈ ಹಿಡಿದು ಆ ಮನೆಗೆ ಕರೆದೊಯ್ದಳಂತೆ. "ನನ್ನ ಮಗ ನೋಡಿಕೊಳ್ಳಲಿಲ್ಲ, ಏನು ಹಾಳಾಯಿತು ಹೇಳಿ" ಎಂದು ಕೇಳಿ, ಮನೆಗೆ ಬಂದು ಎಂದಿನಂತೆ ಊಟಕ್ಕೆ ಬಡಿಸಿದಳು. ತಪ್ಪನ್ನು ಅವಳು ಮುಚ್ಚಿಡಲಿಲ್ಲ, ಅನ್ನವನ್ನೂ ಕಸಿದುಕೊಳ್ಳಲಿಲ್ಲ. ಮನೆಯಲ್ಲಿ ಅಂಥವರು ಒಬ್ಬರಿದ್ದರೂ ಮಗು ಬೇರೆ ದಾರಿ ಹಿಡಿಯಬಲ್ಲದು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ನನ್ನೆದುರು ಬಹಳ ಜನ ಆಡಿದ್ದಾರೆ. ಮನೆಯಲ್ಲಿ ಕಲಿತದ್ದನ್ನು ಬಿಡಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಕಾರ್ಖಾನೆ ಅವರಿಗೆ ಅದೇ ಮನೆಯನ್ನು ಮತ್ತೆ ಕಟ್ಟಿಕೊಡಬೇಕಾಗಿಲ್ಲ. ಈಗ ಪ್ರತಿ ಪಾಳಿಯ ಆರಂಭದಲ್ಲಿ ಹಿಂದಿನ ದಿನ ಕೆಟ್ಟ ಎರಕಗಳನ್ನು ಮೇಜಿನ ಮೇಲೆ ಇಡುತ್ತೇವೆ. ಪಕ್ಕದ ಹಲಗೆಯಲ್ಲಿ ಮರಳಿನ ತೇವ, ಕಬ್ಬಿಣ ಸುರಿದಾಗಿನ ಉಷ್ಣತೆ, ಒಳಗಿನ ಟೊಳ್ಳಿಗಾಗಿ ಇಡುವ ಕೋರ್ ಯಾವಾಗ ಕೂರಿಸಿದ್ದು, ಇಷ್ಟೇ ಇರುತ್ತವೆ. ಯಾರ ಹೆಸರನ್ನೂ ಬರೆಯುವುದಿಲ್ಲ. ನನ್ನ ತಪಾಸಣೆಯ ಜಾಗದಲ್ಲಿ ಯಾರನ್ನೂ ಹೀನಾಯವಾಗಿ ಬೈಯಕೂಡದು ಎಂದು ಮೇಲ್ವಿಚಾರಕರಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ್ದೇನೆ. ಅವರ ಬಾಲ್ಯ ನೆನೆದರೆ ನನಗೆ ಸಂಕಟವಾಗುತ್ತದೆ. ಹಾಗೆಂದು ಆ ಸಂಕಟದ ಬೆಲೆಯನ್ನು ಇಪ್ಪತ್ತರ ಹುಡುಗರು ಏಕೆ ತೆರಬೇಕು? ಮೇಲ್ವಿಚಾರಕರಿಗೆ ನನ್ನ ಮೇಲೆ ಸಿಟ್ಟಿದೆ, ಕೆಲಸದ ಮಾತಿಗಿಂತ ಹೆಚ್ಚು ಆಡುವುದಿಲ್ಲ. ಮೇಜಿನ ಸುತ್ತ ಮಾತ್ರ ಬಂದು ನಿಲ್ಲುತ್ತಾರೆ. ಮೊನ್ನೆ ಒಂದು ಕೆಟ್ಟ ಎರಕವನ್ನು ಎತ್ತಿ ನೋಡಿ, "ಇದು ಹುಡುಗರದಲ್ಲ, ಪ್ಯಾಟರ್ನ್ ಸವೆದಿದೆ" ಎಂದು ಎಲ್ಲರ ಎದುರಿಗೇ ಹೇಳಿದರು. ಪ್ಯಾಟರ್ನ್ ಎಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ. ಅದೇ ಮಧ್ಯಾಹ್ನ ಬೇರೆ ಕಾರಣಕ್ಕೆ ಇನ್ನೊಬ್ಬ ಹುಡುಗನ ಮೇಲೆ ಹಳೆಯ ಮಾತನ್ನೇ ಕೂಗಿದರು. ನಾನು ಮತ್ತೆ ಹೋಗಿ ತಡೆದೆ.